ಬೆನ್ನು ವಾಸಿಯಾಗುವವರೆಗೆ

ಗಂಡ ತಾರ್ಮೊನನ್ನು ಮಣ್ಣು ಮಾಡಿ ಬಂದ ಮಾರನೆಯ ಬೆಳಿಗ್ಗೆ ಇಂಕಾ ಎದ್ದಳು. ಅವಳ ಬೆನ್ನು ಏಳಲಿಲ್ಲ.

ಕಾಲು ನೆಲಕ್ಕಿಟ್ಟು, ಮಂಚದ ಅಂಚು ಹಿಡಿದು, ಎದ್ದು ನಿಂತೆ ಎಂದೇ ಅವಳು ತಿಳಿದಳು. ಆದರೆ ಕಿಟಕಿ ಕಾಣಬೇಕಾದ ಕಡೆ ನೆಲದ ಹಲಗೆ ಕಾಣುತ್ತಿತ್ತು. ಸೊಂಟದ ಹತ್ತಿರ ಯಾರೋ ಬೀಗ ಜಡಿದು ಕೀಲಿಕೈ ಸಮೇತ ಊರು ಬಿಟ್ಟಂತಿತ್ತು. ಅವಳು ಹಾಗೆಯೇ, ಗೋಡೆಗೆ ಹೊಡೆಯುವಾಗ ಸೊಟ್ಟಗಾದ ಮೊಳೆಯಂತೆ, ಅಡುಗೆಮನೆಗೆ ನಡೆದಳು. ಕಾಫಿಯ ಡಬ್ಬಿ ಮೇಲಿನ ಕಪಾಟಿನಲ್ಲಿತ್ತು. ಅದನ್ನು ಅಲ್ಲಿಯೇ ಬಿಟ್ಟಳು.

ಕಾರಣ ಅವಳಿಗೆ ಗೊತ್ತಿತ್ತು. ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವುದು ಮನೆಯವರ ಕೆಲಸ. ಕೆಳಗೆ ಹಾಸಿದ ಬಿಳಿ ಪಟ್ಟಿಗಳ ತುದಿಗಳನ್ನು ಆಚೀಚೆ ನಿಂತು ಹಿಡಿಯಬೇಕು. ತಲೆಯ ಕಡೆ ನಾನೇ ಹಿಡಿಯುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು. ತಾರ್ಮೊನ ಅಣ್ಣ ಬೇಡವೆಂದ. ಅವಳು ಕೇಳಲಿಲ್ಲ. ಆಸ್ಪತ್ರೆ ತಾರ್ಮೊನನ್ನು ಅರ್ಧ ಮಾಡಿ ಕಳಿಸಿತ್ತು. ಪೆಟ್ಟಿಗೆ ಮಾತ್ರ ಪೂರ್ತಿ ಗಂಡಸಿನಷ್ಟು ತೂಗಿತು. ಪಟ್ಟಿ ಕೈಯಲ್ಲಿ ಜಾರಿದಾಗ ಅವಳು ಬಿಡದೆ ಅದರ ಜೊತೆಗೇ ಬಗ್ಗಿದಳು. ಆಗ ಏನೂ ಅನ್ನಿಸಲಿಲ್ಲ. ಆ ತಿಂಗಳಲ್ಲಿ ಅವಳಿಗೆ ಯಾವುದೂ ಏನೂ ಅನ್ನಿಸಿರಲಿಲ್ಲ. ಬೆನ್ನು ಒಂದು ರಾತ್ರಿ ಕಾದು, ತನಗೆ ಅನ್ನಿಸಿದ್ದನ್ನು ಈಗ ತಾನೊಂದೇ ಹೇಳುತ್ತಿತ್ತು.

ನೆಂಟರು ನಿನ್ನೆಯ ಸಂಜೆಯ ರೈಲಿಗೇ ಹೋಗಿದ್ದರು. ಫ್ರಿಜ್ಜಿನಲ್ಲಿ ಶೋಕದ ಊಟದ ಉಪ್ಪು ಕೇಕು ಅರ್ಧ ಉಳಿದಿತ್ತು. ಅಂಗಳದ ಕಂಬದಲ್ಲಿ ಅರ್ಧಕ್ಕೆ ಇಳಿದಿದ್ದ ಬಾವುಟವನ್ನು ನೆರೆಯ ಕಲೇವಿ ಮೇಷ್ಟ್ರು ಬಿಚ್ಚಿ ಮಡಿಸಿ ಒಳಗಿಟ್ಟಿದ್ದರು. ಎಲ್ಲವೂ ಮುಗಿದಿತ್ತು. ಶನಿವಾರ ಮಾತ್ರ ಬಂದಿತ್ತು.

ಶನಿವಾರ ಎಂದರೆ ಸೌನಾ, ಕಾದ ಕಲ್ಲಿಗೆ ನೀರು ಹಾಕಿ ಬೆವರುತ್ತ ಕೂರುವ ಆವಿಮನೆ. ಪಿಸ್ಪಲದ ದಿಬ್ಬದ ಮೇಲಿನ ಆ ಮರದ ಮನೆಯಲ್ಲಿ ನಾಲ್ಕು ಸಂಸಾರ, ಅಂಗಳದ ತುದಿಯಲ್ಲಿ ಎಲ್ಲರಿಗೂ ಸೇರಿ ಕಟ್ಟಿಗೆ ಒಲೆಯ ಒಂದು ಸೌನಾ. ಯಾರ ಸರದಿ ಯಾವಾಗ ಎಂದು ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ತಪ್ಪುತ್ತಲೂ ಇರಲಿಲ್ಲ. ಕಲೇವಿ ಮೇಷ್ಟ್ರಿಗೆ ಶುಕ್ರವಾರ. ಬಸ್ ಓಡಿಸುವ ಮಿಸ್ಕಾನಿಗೆ ಗುರುವಾರ. ಕೆಳಗಿನ ಮನೆಯ ಸೈಮಿ ಅಜ್ಜಿಗೆ ಸರದಿಯೇ ಇರಲಿಲ್ಲ. ಅವರು ಮಂಗಳವಾರ ಬಸ್ಸು ಹಿಡಿದು ಊರ ಈಜುಕೊಳದ ಸೌನಾಗೆ ಹೋಗುತ್ತಿದ್ದರು, ಅವರಿಗೆ ಅದೇ ಇಷ್ಟ ಎಂದು ಇಂಕಾ ತಿಳಿದಿದ್ದಳು. ಶನಿವಾರದ ಆರು ಗಂಟೆ, ಕಿಟಕಿಯಿಂದ ಸೂರ್ಯ ನೇರ ಮೇಲಿನ ಹಲಗೆಗೆ ಬೀಳುವ ಹೊತ್ತು, ಇಂಕಾ ತಾರ್ಮೊರದು. ಆರು ವರ್ಷ ಅವರು ಆ ಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಕೂತಿದ್ದರು. ಮಾತು ಕಡಿಮೆ. ಕಡೆಯ ಸೌಟು ನೀರನ್ನು ಕಲ್ಲಿಗೆ ಹಾಕುವುದು ಯಾವಾಗಲೂ ಅವಳು.

ಒಂದು ತಿಂಗಳು ಖಾಲಿ ಬಿದ್ದ ಗಂಟೆ ಬೇರೆಯವರಿಗೆ ಹೋಗುತ್ತದೆ ಎಂಬುದು ಮನೆಯ ಪದ್ಧತಿ. ಆಸ್ಪತ್ರೆಯ ಶನಿವಾರಗಳು ಆ ತಿಂಗಳನ್ನು ಬಹುತೇಕ ತುಂಬಿಸಿದ್ದವು. ಇವತ್ತು ಒಲೆ ಹೊತ್ತದಿದ್ದರೆ ಗಂಟೆ ಕೈತಪ್ಪುತ್ತಿತ್ತು. ತಾರ್ಮೊನ ಬಟ್ಟೆಬರೆಯನ್ನು ಅಣ್ಣ ಒಯ್ದಿದ್ದ, ಮೀನು ಹಿಡಿಯುವ ಸಾಮಾನನ್ನು ಗೆಳೆಯರು ಒಯ್ದಿದ್ದರು. ಅವಳು ತಡೆಯಲಿಲ್ಲ. ಇದೊಂದನ್ನು ಮಾತ್ರ ಯಾರಿಗೂ ಬಿಡಬಾರದು ಎಂದು ಬಗ್ಗಿದಲ್ಲೇ ನಿರ್ಧರಿಸಿದಳು. ಬಿಸಿ ತಾಗಿದರೆ ಬೆನ್ನಿಗೂ ಒಳ್ಳೆಯದು.

ತಾರ್ಮೊನ ಬೂದು ಉಣ್ಣೆ ಸ್ವೆಟರು ಒಂದು ಉಳಿದಿತ್ತು. ಅದನ್ನು ಹಾಕಿಕೊಂಡು ಕಟ್ಟಿಗೆ ತರಲು ಹೊರಟಳು.

ಹೊರಡುವ ಮೊದಲು ಬಾಗಿಲ ಕಣ್ಣಿನಿಂದ ಮೆಟ್ಟಿಲ ಮೇಲೆ ಯಾರಾದರೂ ಇದ್ದಾರೆಯೇ ಎಂದು ನೋಡುವುದು ಆ ಮನೆಯ ಎಲ್ಲರ ಅಭ್ಯಾಸ. ಹಾಗೆ ನೋಡಿ ಹೊರಟರೆ ಯಾರಿಗೂ ಇನ್ನೊಬ್ಬರ ಎದುರಿಗೆ ಬೀಳುವ ಕಷ್ಟ ಇರುವುದಿಲ್ಲ. ಆದರೆ ಬಾಗಿಲ ಕಣ್ಣು ನೆಟ್ಟಗೆ ನಿಲ್ಲುವವರ ಎತ್ತರಕ್ಕಿತ್ತು. ಇಂಕಾ ನೋಡದೆ ಬಾಗಿಲು ತೆರೆದಳು. ಎದುರಿಗೆ ಕಲೇವಿ ಮೇಷ್ಟ್ರ ಬೂಟು ಕಂಡಿತು.

ಮೇಷ್ಟ್ರು ಶಾಲೆಯಲ್ಲಿ ವ್ಯಾಯಾಮ ಕಲಿಸಿ ನಿವೃತ್ತರಾದವರು, ನಾಲ್ಕು ಸಂಸಾರಗಳೂ ಸೇರಿ ಆರಿಸಿದ ಮನೆಯ ಮುಖ್ಯಸ್ಥರು. ಆರು ವರ್ಷದಲ್ಲಿ ಅವಳ ಜೊತೆ ಹಿಮದ ಬಗ್ಗೆ ಬಿಟ್ಟು ಬೇರೆ ಮಾತಾಡಿದವರಲ್ಲ. ಅವರು ಟೊಪ್ಪಿ ತೆಗೆದರು.

“ಇವತ್ತು ಜಾಸ್ತಿನೇ ಆಗಿದೆ,” ಎಂದರು ಮೆಲ್ಲಗೆ.

“ಹೌದು,” ಎಂದಳು ಬೂಟಿಗೆ.

“ಇಷ್ಟು ವರ್ಷ ನೀನು ಒಂದು ಮಾತೂ ಆಡದೆ ತಡ್ಕೊಂಡೆ. ಮೆಚ್ಚಬೇಕು.”

ತಾರ್ಮೊನನ್ನು ತಡೆದುಕೊಂಡದ್ದಕ್ಕೆ ಹೊಗಳಿಕೆಯೇ ಎಂದು ಇಂಕಾ ಯೋಚಿಸಿದಳು. ಅವನು ಅಂಥ ಕೆಟ್ಟ ಗಂಡನೇನಲ್ಲ. “ಮೇಷ್ಟ್ರೇ, ಇದು ಬೆನ್ನು. ಬರೀ ಬೆನ್ನು.”

“ಗೊತ್ತಮ್ಮಾ ಬೆನ್ನು ಅಂತ!” ಮೇಷ್ಟ್ರ ದನಿ ಒಮ್ಮೆಲೇ ಮೂವತ್ತು ಮಕ್ಕಳ ಮುಂದೆ ನಿಂತಂತೆ ಆಯಿತು. “ಬಾ ಒಳಗೆ. ಬೆನ್ನಿಗೆ ಬೇಕಾಗಿರೋದು ಔಷಧಿ ಅಲ್ಲ, ಉದ್ದ. ಉದ್ದ ಕೊಟ್ಟರೆ ತಾನೇ ಸರಿಹೋಗುತ್ತೆ.”

ಶಾಲೆಯ ಹಳೇ ವ್ಯಾಯಾಮಶಾಲೆ ಕೆಡವುವಾಗ ಮೇಷ್ಟ್ರು ಗೋಡೆಯ ಮರದ ಏಣಿಯನ್ನು ಮನೆಗೆ ತಂದು ನಡುಮನೆಯಲ್ಲಿ ಹೊಡೆಸಿದ್ದರು. ಇಂಕಾಳನ್ನು ಸ್ಟೂಲು ಹತ್ತಿಸಿ, ಏಣಿಗೆ ಬೆನ್ನು ಮಾಡಿ ನಿಲ್ಲಿಸಿ, ಅವಳ ಕೈಗಳನ್ನು ಒಂದೊಂದಾಗಿ ಮೇಲಿನ ಕೋಲಿಗೆ ಸೇರಿಸಿದರು. ಆಮೇಲೆ ಸ್ಟೂಲು ತೆಗೆದರು.

“ಉಸಿರು ಬಿಡು! ಉದ್ದ ಆಗ್ತಿದ್ದೀನಿ ಅಂದ್ಕೋ!”

ಒಗೆದು ಹರವಿದ ಉಣ್ಣೆ ಕೋಟಿನಂತೆ ಅವಳು ತೂಗಿದಳು. ಎದುರು ಗೋಡೆಯ ಮೇಲೆ ಶಾಲೆಯ ತಂಡಗಳ ಹಳೇ ಚಿತ್ರಗಳಿದ್ದವು. ಸಾಲುಸಾಲು ಮಕ್ಕಳು ಎದೆಯುಬ್ಬಿಸಿ, ನೆಟ್ಟಗೆ ನಿಂತು, ಅವಳನ್ನೇ ನೋಡುತ್ತಿದ್ದರು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಕಾಫಿ ಉಕ್ಕಿದ ಸದ್ದಾಯಿತು.

“ಹಾಗೇ ಇರು. ಬಿಡಬೇಡ,” ಎಂದು ಮೇಷ್ಟ್ರು ಓಡಿದರು.

ಬಿಡಬೇಡ ಎಂಬುದನ್ನು ನಿನ್ನೆ ತಾನೇ ಪಾಲಿಸಿ ಬಂದ ಕೈಗಳು. ಅವುಗಳಲ್ಲಿ ಇನ್ನೇನೂ ಉಳಿದಿರಲಿಲ್ಲ. ಒಲೆ ಒರೆಸಿ ಮೇಷ್ಟ್ರು ಬರುವಷ್ಟರಲ್ಲಿ ಇಂಕಾ ನೆಲದ ಮೇಲೆ ಕೂತಿದ್ದಳು. ಎಬ್ಬಿಸಿ ನಿಲ್ಲಿಸಿ ನೋಡಿದರೆ, ಮುಂದಕ್ಕೆ ಮಾತ್ರ ಬಗ್ಗಿದ್ದ ಬೆನ್ನು ಈಗ ಎಡಕ್ಕೂ ವಾಲಿತ್ತು.

ಮೇಷ್ಟ್ರು ತಲೆ ಓರೆ ಮಾಡಿ, ಅವಳ ಮುಖಕ್ಕೆ ಮುಖ ಹೊಂದಿಸಿದರು. “ಸ್ವಲ್ಪ ಉದ್ದ ಆಗಿದೀಯ,” ಎಂದರು. “ಬೇರೆ ದಿಕ್ಕಿಗೆ.” ಆಮೇಲೆ ಗಂಟಲು ಸರಿಮಾಡಿಕೊಂಡು, “ಸಂಜೆ ಸೌನಾ ವಿಷಯ ಒಂದು ಮಾತಿತ್ತು…”

“ಆರು ಗಂಟೆಗೆ ನಾನು ಹೋಗ್ತೀನಿ,” ಎಂದಳು ಇಂಕಾ ತಕ್ಷಣ. “ಈಗ ಕಟ್ಟಿಗೆ ತರೋಕೇ ಹೊರಟಿದ್ದು.”

ಮೇಷ್ಟ್ರು ಕಿಟಕಿಯಾಚೆ ಖಾಲಿ ಬಾವುಟದ ಕಂಬವನ್ನು ನೋಡಿದರು. “ಮೊದಲು ನೆಟ್ಟಗಾಗು,” ಎಂದರು. “ಆಮೇಲೆ ನೋಡೋಣ.”

ಹಾಗಾದರೆ ನಿಜ. ಗಂಟೆಯ ಮೇಲೆ ಕಣ್ಣು ಬಿದ್ದಿದೆ. ನಿನ್ನೆ ಬಾವುಟ ಇಳಿಸಿದವರು, ಇವತ್ತು ಸರದಿಗೆ ಕೈಹಾಕುತ್ತಾರೆ. ಇಂಕಾ ಎಡಕ್ಕೆ ವಾಲಿಕೊಂಡು, ಗೋಡೆ ಸವರುತ್ತ ಮೆಟ್ಟಿಲಿಳಿದಳು.

ಅರ್ಧ ಮೆಟ್ಟಿಲಲ್ಲಿ ಮಿಸ್ಕಾ ಸಿಕ್ಕ. ಬೆಳಗಿನ ಪಾಳಿ ಮುಗಿಸಿ, ಕಂಪನಿಯ ನೀಲಿ ಕೋಟಿನಲ್ಲೇ ಬಂದಿದ್ದ. ಅವಳನ್ನು ನೋಡಿದವನೇ ಕೈಚೀಲ ಕೆಳಗಿಟ್ಟ.

“ಅಯ್ಯೋ! ಮೇಷ್ಟ್ರು ತೂಗುಹಾಕಿದ್ರಾ?”

“ಹಾಕಿದ್ರು.”

“ನಂಗೂ ಹಾಕಿದ್ರು ಒಂದ್ಸಲ. ವಾರ ಪೂರ್ತಿ ಬಸ್ಸು ಬಲಕ್ಕೇ ಎಳೀತಿದೆ ಅಂದ್ಕೊಂಡಿದ್ದೆ, ಎಳೀತಿದ್ದೋನು ನಾನು. ಬಾ ಬಾ. ಬೆನ್ನು ಅಂದ್ರೆ ಬಸ್ಸಿನೋರನ್ನ ಕೇಳು. ನನ್ಹತ್ರ ಮುಳ್ಳು ಚಾಪೆ ಇದೆ.”

“ಮಿಸ್ಕಾ, ನನಗೆ ಕಟ್ಟಿಗೆ…”

“ಕಟ್ಟಿಗೆ ಎಲ್ಲಿಗೂ ಓಡಿಹೋಗಲ್ಲ. ಈ ಅವತಾರದಲ್ಲಿ ನೀನೂ ಓಡಲ್ಲ. ಮೊದಲು ಸ್ವಲ್ಪ ಹೊತ್ತು ಬಾಯಿಗೆ ಬಂದಂಗೆ ಬಯ್ತೀಯ, ಆಮೇಲೆ ಸ್ವರ್ಗ. ನಾಚ್ಕೋಬೇಡ. ನಾನೂ ಬಯ್ತೀನಿ. ಈ ಚಾಪೆ ಕೇಳದೇ ಇರೋ ಬೈಗುಳ ಇಲ್ಲ.”

ಅಡುಗೆಮನೆಯ ನೆಲದ ಮೇಲೆ ಹಾಸಿದ ಚಾಪೆಯ ತುಂಬ ಪ್ಲಾಸ್ಟಿಕ್ ಮುಳ್ಳುಗಳು. ಅವಳು ಬಗ್ಗಿದ್ದರಿಂದ ಮಲಗಿಸುವುದು ಸುಲಭವಾಗಲಿಲ್ಲ. ಬೆನ್ನು ನೆಲಕ್ಕೆ ತಾಗಿದರೆ ಕಾಲು ಮೇಲೇಳುತ್ತಿತ್ತು, ಕಾಲು ಕೆಳಗೊತ್ತಿದರೆ ತಲೆ ಏಳುತ್ತಿತ್ತು. ಮಿಸ್ಕಾ ಎರಡೂ ಕಡೆ ಓಡಾಡಿ, ಕಡೆಗೆ ಕಾಲ ಕೆಳಗೆ ಕುರ್ಚಿ ಕೊಟ್ಟ. ಮುಳ್ಳು ಚುಚ್ಚಿತು. ಇಂಕಾ ಬಯ್ಯಲಿಲ್ಲ. ಚುಚ್ಚುವುದು ಅವಳಿಗೆ ಹಿತವೇ ಅನ್ನಿಸಿತು. ಮಿಸ್ಕಾ ಏಲಕ್ಕಿ ಬನ್ನು ಬಿಸಿಮಾಡುತ್ತ, ತನ್ನ ಬೆನ್ನಿನ ಕಥೆಯನ್ನು ಮೊದಲ ಸ್ಟಾಪಿನಿಂದ ಶುರುಮಾಡಿದ. ಅದು ಎರಡನೆಯ ಸ್ಟಾಪಿಗೆ ಬರುವ ಮೊದಲೇ ಅವಳಿಗೆ ನಿದ್ದೆ ಬಂತು.

ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ. ಮಿಸ್ಕಾ ಎಬ್ಬಿಸಲಿಲ್ಲ, ಬನ್ನು ತಾನೇ ತಿಂದ. ಎದ್ದಾಗ ಬೆಳಕು ಗೋಡೆ ಬದಲಿಸಿತ್ತು. ಅವಳು ಮಗ್ಗುಲಾಗಿ ಎದ್ದಳು, ಚಾಪೆಯೂ ಎದ್ದಿತು. ಮುಳ್ಳುಗಳು ಉಣ್ಣೆಯ ಒಂದೊಂದು ಕುಣಿಕೆಯೊಳಗೂ ಹೊಕ್ಕು ಕೂತಿದ್ದವು. ಮಿಸ್ಕಾ ಮೇಲಿನಿಂದ ಎಳೆದ, ಕೆಳಗಿನಿಂದ ಎಳೆದ, ಚಾಪೆಯ ಜೊತೆ ಅವಳನ್ನೂ ಅಡುಗೆಮನೆಯ ಆ ತುದಿಯಿಂದ ಈ ತುದಿಗೆ ಎಳೆದ.

“ಕತ್ತರಿ ಹಾಕ್ಬೇಕಷ್ಟೆ,” ಎಂದ.

“ಬೇಡ,” ಎಂದಳು ಇಂಕಾ. “ಇದು ತಾರ್ಮೊನದು.”

ಮಿಸ್ಕಾ ಕತ್ತರಿಯನ್ನು ಮೆಲ್ಲಗೆ ಖಾನೆಯೊಳಗಿಟ್ಟು, ಖಾನೆ ಮುಚ್ಚಿ, ಅದರ ಮೇಲೆ ಕೈಯಿಟ್ಟುಕೊಂಡು ನಿಂತ. ಏನೋ ಹೇಳಲು ಹೋದ. “ನೀನು ನೆಟ್ಟಗಾದ್ಮೇಲೆ…” ಎಂದ. “ಸೌನಾ ವಿಷಯ… ಈಗ ಬೇಡ ಬಿಡು.”

ಇವನೂ! ಇಂಕಾ ಮುಳ್ಳುಹಂದಿಯಂತೆ ಚಾಪೆ ಹೊತ್ತು ಹೊರಬಿದ್ದಳು.

ಕೆಳಗಿನ ಮನೆಯ ಬಾಗಿಲು ತೆರೆದಿತ್ತು. ಸೈಮಿ ಅಜ್ಜಿ ಹೊಸ್ತಿಲಲ್ಲಿ ಚೌಕಟ್ಟು ಹಿಡಿದು ನಿಂತಿದ್ದರು. ಎಂಬತ್ತು ದಾಟಿದ ಹೆಂಗಸು. ಹತ್ತಿ ಗಿರಣಿಯಲ್ಲಿ ದುಡಿದ ಕೈಗಳು ಮಾತ್ರ ಇನ್ನೂ ಮುದಿಯಾಗಿರಲಿಲ್ಲ. ಅವರು ಇಂಕಾಳನ್ನು ನೋಡಿದರು, ಚಾಪೆಯನ್ನು ನೋಡಿದರು, ಯಾವುದಕ್ಕೂ ಹುಬ್ಬೇರಿಸಲಿಲ್ಲ.

“ಹೆಣೆಯೋ ಕಡ್ಡಿ ಇದೆ ನನ್ಹತ್ರ,” ಎಂದರು. “ಬಾ ಮಗಳೇ, ಕೂತ್ಕೋ.”

ಒಂದೊಂದು ಮುಳ್ಳಿನಿಂದ ಒಂದೊಂದು ಕುಣಿಕೆಯನ್ನು ಕಡ್ಡಿಯ ತುದಿಯಿಂದ ಎತ್ತಿ ಬಿಡಿಸುತ್ತ ಹೋದರು. ಬಹಳ ಹೊತ್ತು ಹಿಡಿಯಿತು. ಅಜ್ಜಿ ತಾರ್ಮೊನ ಬಗ್ಗೆ ಏನೂ ಕೇಳಲಿಲ್ಲ. ನಿನ್ನೆ ಇಗರ್ಜಿಯಲ್ಲಿ ಚಳಿ ಇತ್ತು ಎಂದರು. ಹೌದು, ಇತ್ತು ಎಂದಳು ಇಂಕಾ. ಅಷ್ಟೆ.

ಚಾಪೆ ಕಳಚಿತು. ಸ್ವೆಟರಿನ ಒಂದು ಎಳೆಯೂ ಹರಿದಿರಲಿಲ್ಲ.

“ಈಗ ಬೋರಲು ಮಲಗು,” ಎಂದು ಅಜ್ಜಿ ಕಪಾಟಿಗೆ ಹೊರಟರು. ಕುರ್ಚಿ ಹಿಡಿದು, ಮೇಜು ಹಿಡಿದು, ಒಲೆಯ ಅಂಚು ಹಿಡಿದು ಹೋದರು. ಬರುವಾಗ ಕಂದು ಬಣ್ಣದ ಒಂದು ಸೀಸೆ ಹಿಡಿದಿದ್ದರಿಂದ ಒಂದೇ ಕೈಯಲ್ಲಿ ಹಿಡಿಹಿಡಿದು ಬಂದರು.

“ಏನದು?”

“ಕುದುರೆ ಎಣ್ಣೆ. ನಮ್ಮಪ್ಪ ಮರ ಎಳೆಯೋ ಕುದುರೆಗೆ ಹಚ್ಚುತ್ತಿದ್ದ. ಕುದುರೆ ಮಾರಿದ ಮೇಲೆ ಅಮ್ಮನಿಗೆ ಹಚ್ಚಿದ.”

“ಕೆಲಸ ಮಾಡ್ತಾ?”

“ಕುದುರೆಗೆ ಮಾಡ್ತು.”

ಅಜ್ಜಿಯ ಕೈ ಬೆನ್ನ ಮೇಲೆ ಹಲಗೆ ಉಜ್ಜಿದಂತೆ ಓಡಿತು. ಟಾರು, ಕರ್ಪೂರ, ಹಳೇ ಲಾಯದ ವಾಸನೆ ಮೂಗಿಗೆ ಹತ್ತಿತು. ಆಳದಲ್ಲಿ ಎಲ್ಲೋ ಒಂದು ಗಂಟು ಯೋಚನೆ ಮಾಡಲು ಶುರುಮಾಡಿತು.

“ನೀವು ಈಗ ಮಂಗಳವಾರ ಈಜುಕೊಳಕ್ಕೆ ಹೋಗಲ್ವಾ?” ಇಂಕಾ ದಿಂಬಿನೊಳಗಿಂದ ಕೇಳಿದಳು.

“ಈ ಚಳಿಗಾಲ ಬಸ್ಸಿನ ಮೆಟ್ಟಿಲು ಯಾಕೋ ಎತ್ತರ ಮಾಡಿಬಿಟ್ಟಿದ್ದಾರೆ,” ಎಂದರು ಅಜ್ಜಿ. ಸೀಸೆಗೆ ಬಿರಡೆ ಹಾಕಿದರು. “ನೋಡು, ಇವತ್ತು ಸೌನಾಗೆ ಹೋಗಬೇಡ. ಈ ಎಣ್ಣೆಗೆ ಬಿಸಿ ಆಗಲ್ಲ.”

ಇಂಕಾ ದಿಂಬಿನಿಂದ ಮುಖ ಎತ್ತಿದಳು. ಮೇಷ್ಟ್ರು, ಮಿಸ್ಕಾ, ಈಗ ಅಜ್ಜಿಯೂ. ಮನೆಗೆ ಮನೆಯೇ ಅವಳನ್ನು ಆರು ಗಂಟೆಯಿಂದ ದೂರ ಇಡಲು ಹೊರಟಿತ್ತು. “ಸರಿ,” ಎಂದು ಹೇಳಿ, ಥ್ಯಾಂಕ್ಸ್ ಹೇಳಿ, ನೇರ ಕಟ್ಟಿಗೆ ಕೊಟ್ಟಿಗೆಗೆ ಹೋದಳು.

ಬಗ್ಗಿದವಳಿಗೆ ಕಟ್ಟಿಗೆ ಎತ್ತುವುದು ಕಷ್ಟವಲ್ಲ. ಕಟ್ಟಿಗೆ ಇರುವುದೇ ನೆಲದ ಹತ್ತಿರ. ಎತ್ತಿದ ಮೇಲೆ ಎಲ್ಲಿಗೂ ಏಳಲಾಗದಿದ್ದುದು ಕಷ್ಟ. ಅವಳು ಅದನ್ನು ಜಾರುಗಾಡಿಯಲ್ಲಿ ಹೇರಿ, ಹಗ್ಗ ಹೆಗಲಿಗೆ ಹಾಕಿ, ಗಟ್ಟಿಯಾದ ಹಿಮದ ಮೇಲೆ ಎಳೆದಳು. ಮೈಯಿಂದ ಎಣ್ಣೆಯ ವಾಸನೆ ಹೊಡೆಯುತ್ತಿತ್ತು. ದೂರದಿಂದ ನೋಡಿದವರಿಗೆ ಅಜ್ಜಿಯ ಅಪ್ಪನ ಕುದುರೆಯೇ ವಾಪಸು ಬಂದಂತೆ ಕಂಡಿರಬೇಕು. ಈ ಅಂಗಳದಲ್ಲಿ ಅವಳು ಕಟ್ಟಿಗೆ ಎಳೆದದ್ದು ಇದೇ ಮೊದಲು. ಮನೆಯವರೆಲ್ಲ ಸೇರಿ ಹಿಮ ಬಾಚುವ ದಿನ ಅವಳ ಕೈಗೆ ಯಾರೂ ಸಲಿಕೆ ಕೊಟ್ಟವರಲ್ಲ. “ನೀನು ಕಾಫಿ ನೋಡ್ಕೋ” ಎನ್ನುತ್ತಿದ್ದರು. ಓದಿದವಳು, ಇವಳಿಂದ ಏನಾಗುತ್ತದೆ ಎಂಬ ತಾತ್ಸಾರವೆಂದು ಅವಳು ನುಂಗಿಕೊಂಡಿದ್ದಳು.

ಒಲೆ ಹತ್ತಿತು. ಕಲ್ಲು ಕಾಯಿತು. ಆರು ಗಂಟೆಗೆ ಇಂಕಾ ಬಟ್ಟೆ ಕಳಚಿ, ಒಳಗೆ ಹೋಗಿ, ಮೇಲಿನ ಹಲಗೆಯ ಮೇಲೆ ತನ್ನ ಜಾಗದಲ್ಲಿ ಕೂತಳು. ಪಕ್ಕದ ಜಾಗ ಬಿಟ್ಟಳು. ದಿಬ್ಬದ ಕೆಳಗಿನ ಸರೋವರದ ಐಸಿನ ಮೇಲಿಂದ ಬಂದ ಸೂರ್ಯ ಕಿಟಕಿಯಲ್ಲಿ ಹೊಕ್ಕು, ಬಿಟ್ಟ ಜಾಗದ ಮೇಲೆ ಕೂತ.

ಒಲೆಯೊಳಗೆ ಕಟ್ಟಿಗೆ ಚಟಪಟ ಎನ್ನುತ್ತಿತ್ತು. ತಾರ್ಮೊ ಇದ್ದಾಗಲೂ ಇಷ್ಟೇ ಸದ್ದು. ಗಂಟೆ ಉಳಿಯಿತು ಎಂದುಕೊಂಡಳು. ಇನ್ನು ಪ್ರತಿ ಶನಿವಾರ ಹೀಗೆ ಬಂದು ಕೂರಬಹುದು. ಒಂದು ಸೌಟು ನೀರು ಕಲ್ಲಿನ ಮೇಲೆ ಹಾಕಿದಳು. ಆವಿ ಎದ್ದು, ಸೂರಿಗೆ ತಾಗಿ, ಮೆಲ್ಲಗೆ ಅವಳ ಹೆಗಲ ಮೇಲೆ ಇಳಿಯಿತು. ಕಣ್ಣಲ್ಲಿ ನೀರು ಬಂತು. ಕಡೆಗೂ ಬಂತಲ್ಲ ಎಂದು ಅವಳಿಗೆ ಸಮಾಧಾನವಾಗುವಷ್ಟರಲ್ಲಿ, ಅದು ಕುದುರೆ ಎಣ್ಣೆಯ ಘಾಟಿಗೆ ಬಂದ ನೀರು ಎಂದು ಗೊತ್ತಾಯಿತು.

ಮೊದಲು ಬೆನ್ನ ಮೇಲೆ ಇರುವೆ ಹರಿದಂತಾಯಿತು. ಆಮೇಲೆ ಇರುವೆಗಳೆಲ್ಲ ಕೈಯಲ್ಲಿ ಪಂಜು ಹಿಡಿದವು. ಆಮೇಲೆ ಎಣಿಕೆಗೆ ಸಿಗಲಿಲ್ಲ. ಇಂಕಾ ಟವೆಲು ಸುತ್ತಿಕೊಂಡು, ಬಾಗಿಲನ್ನು ಭುಜದಿಂದ ದೂಡಿ, ದಿನವಿಡೀ ಬಾಯಿಗೆ ಬಾರದ ಬೈಗುಳಗಳನ್ನೆಲ್ಲ ಒಂದೇ ಉಸಿರಿಗೆ ಬಯ್ಯುತ್ತ, ಅಂಗಳದ ಹಿಮದ ರಾಶಿಯೊಳಗೆ ಬೆನ್ನು ಕೊಟ್ಟು ಬಿದ್ದಳು.

ಚುಂಯ್ ಎಂದು ಹಬೆ ಎದ್ದಿತು. ಬೆನ್ನೊಳಗೆ ಏನೋ ಲಟಕ್ ಎಂದಿತು. ಇಂಕಾ ಎದ್ದು ನಿಂತಳು. ನೆಟ್ಟಗೆ.

ಬೆಳಗಿನಿಂದ ಮೊದಲ ಸಲ ಅವಳಿಗೆ ಆಕಾಶ ಕಂಡಿತು. ಅದರ ಕೆಳಗೆ, ಕಟ್ಟಿಗೆ ಕೊಟ್ಟಿಗೆಯ ಮುಂದಿನ ಬೆಂಚಿನ ಮೇಲೆ, ಮೂವರು ಕಂಡರು. ಮೇಷ್ಟ್ರು, ಮಿಸ್ಕಾ, ನಡುವೆ ಸೈಮಿ ಅಜ್ಜಿ. ಮೂವರೂ ಸೂರಿನಿಂದ ಇಳಿಬಿದ್ದ ಐಸನ್ನು ತುಂಬ ಆಸಕ್ತಿಯಿಂದ ನೋಡುತ್ತಿದ್ದರು.

ಮೇಷ್ಟ್ರು ಕೆಮ್ಮಿದರು. “ನೆಟ್ಟಗಾದೆ,” ಎಂದರು.

“ಆದೆ,” ಎಂದಳು ಇಂಕಾ. ಮೈಯಿಂದ ಹಬೆ ಏಳುತ್ತಿತ್ತು.

ಮೇಷ್ಟ್ರು ಮಿಸ್ಕಾನ ಕಡೆ ನೋಡಿದರು. “ನೀನೇ ಹೇಳಪ್ಪ. ದಿನಾ ಜನದ ಜೊತೆ ಮಾತಾಡೋನು.”

“ನಾನೆಲ್ಲಿ ಮಾತಾಡ್ತೀನಿ? ಸ್ಟಾಪಿನ ಹೆಸರೂ ಈಗ ಯಂತ್ರವೇ ಹೇಳುತ್ತೆ. ಮುಖ್ಯಸ್ಥರು ನೀವು.”

“ಇಬ್ಬರೂ ಸುಮ್ಮನಿರಿ,” ಎಂದರು ಅಜ್ಜಿ. “ಬೇಡ ಅಂತ ಹೇಳಿದೀನಿ. ಹುಡುಗಿ ಒದ್ದೆ ಇದ್ದಾಳೆ.”

“ಗಂಟೆ ವಿಷಯ ತಾನೆ?” ಇಂಕಾಳ ದನಿ ಏರಿತು. “ಬೆಳಿಗ್ಗೆಯಿಂದ ಎಲ್ಲರೂ ಅದನ್ನೇ ಬಾಯಲ್ಲಿಟ್ಟುಕೊಂಡು ತಿರುಗ್ತಿದ್ದೀರಿ. ತಿಂಗಳು ಇನ್ನೂ ತುಂಬಿಲ್ಲ ಮೇಷ್ಟ್ರೇ. ಒಲೆ ಹಚ್ಚಿದ್ದೀನಿ, ಕೂತಿದ್ದೀನಿ. ಈ ಗಂಟೆ ನಮ್ಮದು.”

“ಅದೇ ವಿಷಯ,” ಎಂದರು ಮೇಷ್ಟ್ರು. ಟೊಪ್ಪಿ ಮತ್ತೆ ಕೈಗೆ ಬಂದಿತ್ತು. “ನಿಮ್ಮದಲ್ಲ. ಸೈಮಿಯದು.”

ಇಂಕಾ ಅಜ್ಜಿಯ ಮುಖ ನೋಡಿದಳು. ಅಜ್ಜಿ ತಮ್ಮ ಕೈ ನೋಡಿಕೊಂಡರು.

“ನೀವು ಈ ಮನೆಗೆ ಬಂದ ವರ್ಷ,” ಮೇಷ್ಟ್ರು ಹೇಳಿದರು, “ತಾರ್ಮೊ ಸೈಮಿ ಮನೆ ಬಾಗಿಲು ತಟ್ಟಿ, ಶನಿವಾರದ ಆರು ಗಂಟೆ ಕಡ ಕೇಳಿದ. ಬೆನ್ನು ವಾಸಿಯಾಗುವವರೆಗೆ ಅಂತ. ಆಮೇಲೆ ವಾಪಸು ಕೊಡ್ತೀನಿ ಅಂದ. ಸೈಮಿ ಕೊಟ್ಟಳು.”

“ಅವನ ಬೆನ್ನಿಗೆ ಯಾವತ್ತೂ ಏನೂ ಆಗಿರಲಿಲ್ಲ.”

“ಅವನದಲ್ಲ ಮಗಳೇ,” ಎಂದರು ಅಜ್ಜಿ. “ನಿಂದು.”

ಸೂರಿನ ಐಸಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಬಿಸಿ ಇಲ್ಲದಿದ್ರೆ ವಾರ ದೂಡೋಕೆ ಆಗಲ್ಲ ಅವಳಿಗೆ, ಆದರೆ ಹೇಳಿಕೊಳ್ಳೋಳಲ್ಲ, ಯಾರಾದರೂ ಕೇಳಿದ್ರೆ ನಾಚಿಕೆ ಪಡ್ತಾಳೆ, ಅವಳ ಮುಂದೆ ಬೆನ್ನಿನ ಮಾತು ಎತ್ತಬೇಡಿ ಅಂದ,” ಅಜ್ಜಿ ಹೇಳಿದರು. “ನಾವು ಎತ್ತಲಿಲ್ಲ.”

“ಆರು ವರ್ಷ!” ಎಂದ ಮಿಸ್ಕಾ. ಅವನ ದನಿಯಲ್ಲಿ ಹೆಮ್ಮೆ ಇತ್ತು. “ಸಲಿಕೆ ಮುಟ್ಟೋಕೂ ಬಿಡಲಿಲ್ಲ ನಿನ್ನ.”

ಇಂಕಾಳಿಗೆ ಮನೆ ನೋಡಲು ಬಂದ ದಿನ ನೆನಪಾಯಿತು. ಮನೆ ಮಾರುವವನು ಅಂಗಳ ತೋರಿಸುತ್ತ ಸೌನಾ ಬಾಗಿಲು ತೆರೆದಿದ್ದ. ಹೊರಗೆ ಶನಿವಾರದ ಸಂಜೆ. ಅವಳು ಹಲಗೆಯ ಮೇಲೆ ಬಿದ್ದ ಬಿಸಿಲಿಗೆ ಕೈಯಿಟ್ಟು, ವಾರಕ್ಕೊಂದು ಸಲ ಈ ಹೊತ್ತಿಗೆ ಇಲ್ಲಿ ಸುಮ್ಮನೆ ಕೂತರೆ ನನಗೆ ಸಾಕು ಎಂದಿದ್ದಳು. ತಾರ್ಮೊ ಅದನ್ನು ಕೇಳಿಸಿಕೊಂಡಿದ್ದ. ಮನೆಗೆ ಬಂದು ವಾರವಾದ ಮೇಲೆ, ನಮಗೆ ಶನಿವಾರದ ಆರು ಗಂಟೆ ಸಿಕ್ಕಿತು ಎಂದು ಬಂದು ಹೇಳಿದ್ದ. ಅದೃಷ್ಟ ಎಂದಿದ್ದಳು ಅವಳು. ಹೌದು ಎಂದಿದ್ದ.

ಸುಳ್ಳ! ಸುಳ್ಳು ಹೇಳಲು ಬಾರದವನು ಎಂದು ನಿನ್ನೆ ಪಾದ್ರಿ ಹೇಳಿದಾಗ ಅವಳೂ ತಲೆಯಾಡಿಸಿದ್ದಳು.

“ಸೈಮಿ ಬಾಯಿಬಿಟ್ಟು ಕೇಳೋಳಲ್ಲ,” ಮೇಷ್ಟ್ರು ಮುಂದುವರಿಸಿದರು. ಒಮ್ಮೆ ಶುರುವಾದ ಮೇಲೆ ಅವರಿಗೆ ಸಲೀಸಾಗಿತ್ತು. “ಕ್ರಿಸ್ಮಸ್ಸಿಂದ ಅವಳು ಬಸ್ಸು ಹತ್ತಿಲ್ಲ. ಸೌನಾ ಕಂಡಿಲ್ಲ. ಅಂಗಳದಾಚೆ ಅವಳದೇ ಗಂಟೆ, ಈ ತಿಂಗಳೆಲ್ಲ ಒಲೆ ತಣ್ಣಗೆ ಬಿದ್ದಿತ್ತು, ಆದರೂ ಇವಳು ಹೋಗಲ್ಲ. ಕೊಟ್ಟಿದ್ದು ಕೊಟ್ಟಿದ್ದು ಅಂತಾಳೆ. ಇವತ್ತು ನಿನಗೆ ಹೇಳಬೇಕು ಅಂತ ನಾನೂ ಮಿಸ್ಕಾನೂ ಮಾತಾಡ್ಕೊಂಡೆವು. ಬಂದು ನೋಡಿದರೆ ನೀನು ಹಂಗಿದ್ದೆ. ಬಗ್ಗಿರೋಳ ಹತ್ತಿರ ಹೇಗೆ ಕೇಳೋದು? ಅದಕ್ಕೇ ಮೊದಲು ನೆಟ್ಟಗೆ ಮಾಡೋಣ ಅಂತ…”

“ನೋವಿದ್ದರೆ ಇಟ್ಕೋ,” ಎಂದರು ಅಜ್ಜಿ. “ಮಾತು ಅಂದ್ರೆ ಮಾತು. ವಾಸಿಯಾಗುವವರೆಗೆ ಅಂತ ನಾನೇ ಒಪ್ಪಿದ್ದು. ನನಗೇನು, ಬಕೆಟ್ಟಲ್ಲಿ ಬಿಸಿನೀರು ಕಾಯ್ಸಿಕೊಳ್ತೀನಿ.”

ಮೇಷ್ಟ್ರು ತಮ್ಮ ದಪ್ಪ ಕೋಟನ್ನು ತೆಗೆದು ಇಂಕಾಳ ಹೆಗಲಿಗೆ ಹೊದಿಸಿದರು. ಒಂದು ಗಾಡಿ ಕಟ್ಟಿಗೆಯಷ್ಟು ಭಾರವಿತ್ತು. ಹಿಮದ ತಣುಪು ಈಗ ಎಣ್ಣೆಯ ಉರಿಯನ್ನು ದಾಟಿ ಒಳಗಿಳಿದಿತ್ತು. ಸೊಂಟದ ಹತ್ತಿರ, ಬೆಳಿಗ್ಗೆ ಇದ್ದ ಜಾಗದಲ್ಲೇ, ಬೀಗ ಮತ್ತೆ ಮೆಲ್ಲಗೆ ತಿರುಗತೊಡಗಿದ್ದು ಅವಳಿಗೆ ತಿಳಿಯಿತು. ಅವಳು ಮಾಡಬೇಕಾದ್ದು ಏನೂ ಇರಲಿಲ್ಲ. ತಡೆಯದಿದ್ದರೆ ಸಾಕು. ತಾನಾಗಿ ಬಗ್ಗುತ್ತಾಳೆ, ಮೂವರೂ ಕಣ್ಣಾರೆ ನೋಡುತ್ತಾರೆ, ಶನಿವಾರದ ಆರು ಗಂಟೆ ಬದುಕಿರುವಷ್ಟು ಕಾಲ ಅವಳದು. ಸುಳ್ಳೂ ಅಲ್ಲ. ಆರು ವರ್ಷದಲ್ಲಿ ಮೊದಲ ಸಲ ಅದು ನಿಜ.

ಬಿಟ್ಟ ಜಾಗದ ಮೇಲೆ ಈಗಲೂ ಸ್ವಲ್ಪ ಬಿಸಿಲು ಇದ್ದಿರಬೇಕು.

ಇಂಕಾ ಹಲ್ಲು ಕಚ್ಚಿದಳು. ಹೆಗಲು ಹಿಂದಕ್ಕೆ ಎಳೆದು, ಗದ್ದ ಎತ್ತಿ, ಮೇಷ್ಟ್ರ ಗೋಡೆಯ ಮೇಲಿನ ಮಕ್ಕಳಂತೆ ನಿಂತಳು.

“ತಾರ್ಮೊ ಹೇಳಿದ್ದು ನಿಜ,” ಎಂದಳು. “ತುಂಬ ನೋಯ್ತಿತ್ತು. ಇವತ್ತು ವಾಸಿಯಾಯ್ತು.”

“ಪೂರ್ತಿ?” ಅಜ್ಜಿ ಕಣ್ಣು ಕಿರಿದು ಮಾಡಿದರು.

“ಪೂರ್ತಿ. ನಿಮ್ಮ ಎಣ್ಣೆಯಿಂದ.”

“ಕುದುರೆಗೂ ಹೀಗೇ ಆಗಿತ್ತು,” ಎಂದರು ಅಜ್ಜಿ.

“ಅವನು ತಗೊಂಡಿದ್ದನ್ನ ನಾನು ವಾಪಸು ಕೊಡ್ತಿದ್ದೀನಿ ಸೈಮಿ ಅಜ್ಜಿ. ಅವನ ಪರವಾಗಿ ಥ್ಯಾಂಕ್ಸ್ ಕೂಡ. ಮುಂದಿನ ವಾರದಿಂದ ಅಲ್ಲ, ಈಗಲೇ. ಗಂಟೆ ಇನ್ನೂ ಮುಗಿದಿಲ್ಲ, ಒಂದೇ ಸೌಟು ನೀರು ಹಾಕಿದ್ದೀನಿ, ಕಲ್ಲು ಚೆನ್ನಾಗಿ ಕಾದಿದೆ. ಬನ್ನಿ.”

ಅವಳು ತೋಳು ಕೊಟ್ಟಳು. ಅಜ್ಜಿ ಅದನ್ನು ಹಿಡಿದು, ಇಡೀ ಭಾರ ಅದರ ಮೇಲೆ ಬಿಟ್ಟು ಎದ್ದರು. ಇಂಕಾಳ ಕಣ್ಣು ಕತ್ತಲಿಟ್ಟಿತು. ಬಾವುಟದ ಕಂಬದಷ್ಟೇ ನೆಟ್ಟಗೆ, ಅದರಷ್ಟೇ ಮಾತಿಲ್ಲದೆ, ಅವಳು ಅಜ್ಜಿಯನ್ನು ಅಂಗಳ ದಾಟಿಸಿದಳು. ಸೌನಾದ ಮೆಟ್ಟಿಲು ಹತ್ತಿಸಿದಳು. ತನ್ನ ಬಟ್ಟೆ ಎತ್ತಿಕೊಂಡು, ಸೌಟು ಎಲ್ಲಿದೆ ಎಂದು ತೋರಿಸಿ, ಹೊರಗೆ ಬಂದು ಬಾಗಿಲು ಎಳೆದಳು.

ಆಮೇಲೆ ಒಳಗೆ ಕಲ್ಲಿನ ಮೇಲೆ ನೀರು ಚುರ್ ಎಂದಿತು, ಮುದುಕಿಯೊಬ್ಬಳು ದೊಡ್ಡದಾಗಿ ಉಸಿರುಬಿಟ್ಟಳು.

ಇಂಕಾ ಬಾಗಿಲಿಗೆ ಕೈಯೂರಿ, ಮೆಲ್ಲಗೆ, ಸದ್ದಿಲ್ಲದೆ, ಬೆಳಗಿನಷ್ಟೇ ಬಗ್ಗಿದಳು. ಎಡಕ್ಕೂ ವಾಲಿದಳು.

ಬೆಂಚಿನ ಮೇಲಿದ್ದ ಇಬ್ಬರು ಗಂಡಸರು ಅಷ್ಟರಲ್ಲಿ ಸರೋವರದ ಕಡೆಗೆ ತಿರುಗಿದ್ದರು. ಈ ವರ್ಷ ಐಸು ಯಾವಾಗ ಒಡೆಯಬಹುದು ಎಂಬ ಬಗ್ಗೆ, ಅವಳು ಮೆಟ್ಟಿಲು ಹತ್ತಿ ಬಾಗಿಲು ಹಾಕಿಕೊಳ್ಳುವವರೆಗೂ, ಒಬ್ಬರಿಗೊಬ್ಬರು ಬಿಡದೆ ಮಾತಾಡಿದರು.